ನಮ್ಮ ಮನೆಯ ಕೆಂಪು ಹಿಟ್ಟು

ಪ್ರಾರ್ಥನೆ ಮಾಡುವವರಲ್ಲಿ ಎರಡು ಬಗೆ. ಕಣ್ಣು ಮುಚ್ಚಿದೊಡನೆ ಲೋಕವನ್ನೇ ಮರೆಯುವವರು ಮೊದಲನೆಯವರು. ಕಣ್ಣು ಮುಚ್ಚಿದ ಮೇಲೆಯೇ ಒಲೆಯ ಮೇಲಿಟ್ಟ ಹಾಲು, ಹೊರಗೆ ಬಿಟ್ಟ ಹೊಸ ಚಪ್ಪಲಿ, ಗಿರಣಿಯ ಸವೆದ ಬೆಲ್ಟು ಎಲ್ಲವೂ ಸಾಲಾಗಿ ನೆನಪಿಗೆ ಬರುವವರು ಎರಡನೆಯವರು. ನಾನು ಎರಡನೆಯ ಬಗೆಯವನು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಏಕೆಂದರೆ ಚರ್ಚಿಗೆ ನನ್ನ ಜೊತೆಗೇ ಬಂದು ಹೋಗುವ ನನ್ನ ಹೆಂಡತಿ ರೂತ್ ಅದನ್ನು ಎಲ್ಲರಿಗೂ ಎಂದೋ ಹೇಳಿಯಾಗಿದೆ. "ನಮ್ಮವರು ಆಮೆನ್ ಅನ್ನೂದ್ರಾಗ ಭಾಳ ಗಟ್ಟಿ ಅದಾರ. ಅದಕ್ಕ ಮೊದಲಿಂದು ಏನೂ ಕೇಳಬ್ಯಾಡ್ರಿ" ಎನ್ನುತ್ತಾಳೆ. ಮಾನ್ವಿಯ ಹೆಣ್ಣು, ನಾಲಿಗೆ ಸ್ವಲ್ಪ ಚುರುಕು. ಮದುವೆಗೆ ಮುಂಚೆ ಅದನ್ನು ನಾನು ಜಾಣತನ ಎಂದುಕೊಂಡಿದ್ದೆ; ಈಗಲೂ ಅವಳೆದುರು ಹಾಗೆಯೇ ಹೇಳುತ್ತೇನೆ.

ರಾಯಚೂರಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಬೆಳಿಗ್ಗೆ ಕರಿಯ ತಲೆಯಲ್ಲಿ ಹೋಗಿ ಸಂಜೆ ಬಿಳಿಯ ತಲೆಯಲ್ಲಿ ಮನೆಗೆ ಬರುವ ಉದ್ಯೋಗ. ನನ್ನನ್ನು ಸಂಜೆ ಮಾತ್ರ ನೋಡಿದವರು "ಪಾಪ, ಚಿಂತಿ ಮಾಡಿ ಮಾಡಿ ಇಷ್ಟ ಲಗೂನ ಹಣ್ಣಾಗ್ಯಾನ" ಎಂದು ಮರುಗುವುದುಂಟು. ಆಗ ನಾನು ತಲೆ ಕೊಡವಿ ತೋರಿಸುತ್ತೇನೆ. ಅವರು ಸೀನುತ್ತಾರೆ. ಅಲ್ಲಿಗೆ ಮರುಕ ಮುಗಿಯುತ್ತದೆ. ಈ ಉದ್ಯೋಗ ನಾನು ಹುಡುಕಿಕೊಂಡು ಹೋದದ್ದಲ್ಲ. ಅಪ್ಪನಿಂದ ಬಂತು. ಅಪ್ಪನ ಹೆಸರು ದಾನಿಯೇಲಪ್ಪ. ನಮ್ಮೂರು ದೇವದುರ್ಗದ ಜನರ ಬಾಯಿಯಲ್ಲಿ ಅದು ಸವೆದು ದಾನಪ್ಪ ಆಗಿತ್ತು, ಗಿರಣಿ ದಾನಪ್ಪನ ಗಿರಣಿ ಆಗಿತ್ತು. ಡೀಸೆಲ್ ಎಂಜಿನ್ನಿನ ಕಾಲ. ಅದನ್ನು ಚಾಲೂ ಮಾಡಬೇಕಾದರೆ ಹ್ಯಾಂಡಲ್ ಹಾಕಿ ತಿರುವಬೇಕು. ಅದು ಒಮ್ಮೆ ಕೆಮ್ಮಿ, ಹೊಗೆ ಉಗುಳಿ, ಮನಸ್ಸಿಗೆ ಬಂದರೆ ಹೊರಡುತ್ತಿತ್ತು. ಅದರ ಟುಕ್ ಟುಕ್ ಸದ್ದು ಊರಾಚೆಯ ಹೊಲದವರೆಗೂ ಕೇಳಿಸಿ, ಕೆಲಸಕ್ಕೆ ಹೊರಟವರು ಅದರಿಂದಲೇ ಹೊತ್ತು ತಿಳಿಯುತ್ತಿದ್ದರು.

ಆದರೆ ಆ ಹ್ಯಾಂಡಲ್ಲಿಗೆ ಕೈ ಹಾಕುವ ಮುಂಚೆ ಅಪ್ಪ ಮಾಡುತ್ತಿದ್ದ ಒಂದು ಕೆಲಸವಿತ್ತು. ಜೋಳ ಸುರಿಯುವ ತಗಡಿನ ಬಾಯಿಯ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, ಪ್ರಾರ್ಥನೆಗೆ ನಿಲ್ಲುತ್ತಿದ್ದ. ಅಪ್ಪ ಮೊದಲನೆಯ ಬಗೆಯವನು ಎಂದು ಬೇರೆ ಹೇಳಬೇಕಿಲ್ಲ. ಎದುರಿಗೆ ಜೋಳದ ಡಬ್ಬಿ, ಬುಟ್ಟಿ, ಗಂಟು ಹಿಡಿದ ಹೆಂಗಸರ ಸಾಲು. ಅವರಲ್ಲಿ ಕ್ರೈಸ್ತರು ಒಬ್ಬಿಬ್ಬರಿದ್ದರೆ ಹೆಚ್ಚು. ಉಳಿದವರೆಲ್ಲ ಸೋಮವಾರ ಶಿವನಿಗೆ ಕಾಯಿ ಒಡೆಸುವವರು, ಕುರಿ ಹಟ್ಟಿಯಿಂದ ಬಂದವರು. ಮೊದಮೊದಲು ಅವರು ಗೊಣಗುತ್ತಿದ್ದರಂತೆ. "ಯಪ್ಪಾ, ನಿನ್ನ ದೇವರಿಗೆ ಏನ ಹೇಳಾಕತ್ತೀಯೋ ಲಗೂ ಹೇಳಿ ಮುಗಸು, ಮನ್ಯಾಗ ಕೂಸು ಅಳಾಕತ್ತೈತಿ" ಎಂದು ಯಾರೋ ಕೂಗಿದರೆ, ಅಪ್ಪ ಕಣ್ಣು ತೆರೆಯದೆಯೇ ಆ ಕೂಸನ್ನೂ ಪ್ರಾರ್ಥನೆಗೆ ಸೇರಿಸಿಬಿಡುತ್ತಿದ್ದ. ಅದೇ ತಪ್ಪಾಯಿತು ನೋಡಿ. ಕೂಸಿನ ಜ್ವರ ಬಿಟ್ಟಿತು. ಮರುದಿನದಿಂದ ಡಬ್ಬಿಯ ಜೊತೆಗೆ ಅಹವಾಲುಗಳೂ ಬರತೊಡಗಿದವು. ಮಗಳ ಹೆರಿಗೆ, ಗಂಡನ ಕುಡಿತ, ಹಾಲು ಕೊಡದ ಎಮ್ಮೆ, ಅತ್ತೆಯ ಬಾಯಿ. ಅಪ್ಪ ಎಲ್ಲವನ್ನೂ ದೇವರಿಗೆ ಒಪ್ಪಿಸಿ, ಆಮೆನ್ ಎಂದು, ಆಮೇಲೆ ಹ್ಯಾಂಡಲ್ ತಿರುವುತ್ತಿದ್ದ. ಆಮೆನ್ ಎಂದರೆ ಎಂಜಿನ್ ಚಾಲೂ ಮಾಡುವ ಮಾತು ಎಂದು ಅವರಲ್ಲಿ ಕೆಲವರು ತಿಳಿದಿದ್ದರೆ ನನಗೆ ಆಶ್ಚರ್ಯವಿಲ್ಲ.

ಇನ್ನು ಬೇಸಿಗೆಯ ಕಥೆ. ನಮ್ಮ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಖಾರಪುಡಿ ಮಾಡಿಸಿಕೊಳ್ಳುವ ಗಡಿಬಿಡಿ. ಅಂಗಳ, ಮಾಳಿಗೆ, ರಸ್ತೆಯ ಬದಿ ಎಲ್ಲ ಕಡೆ ಕೆಂಪು ಮೆಣಸಿನಕಾಯಿ ಒಣಗುತ್ತವೆ. ಒಣಗಿದ್ದೆಲ್ಲ ಗಿರಣಿಗೆ ಬರುತ್ತದೆ. ಅಪ್ಪನ ಹತ್ತಿರ ಇದ್ದದ್ದು ಒಂದೇ ಯಂತ್ರ. ಖಾರ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ಜೋಳ ಬೀಸಬೇಕು. ಎಷ್ಟೇ ಗುಡಿಸಿ ಒರೆಸಿದರೂ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಖಾರ ಕೂತೇ ಇರುತ್ತದೆ. ಖಾರದ ನಂತರ ಬೀಸಿದ ಮೊದಲ ಹಿಟ್ಟು ಯಾರದೋ ಅವರ ಗತಿ ಮುಗಿದಂತೆ. ಹಾಗಾಗಿ ಸಾಲಿನಲ್ಲಿ ಮೊದಲು ನಿಂತವರು "ನೀ ಮುಂದ ಹೋಗವ್ವ" "ಇಲ್ಲ, ನೀನ ಹೋಗು" ಎಂದು ಎಂದೂ ಇಲ್ಲದ ಮರ್ಯಾದೆ ತೋರಿಸುತ್ತಿದ್ದರು. ಅಪ್ಪ ಆ ಜಗಳವನ್ನೇ ಇಲ್ಲದಂತೆ ಮಾಡಿದ. ಖಾರ ಬೀಸಿದ ಪ್ರತಿ ಸಲವೂ ಮೊದಲು ನಮ್ಮ ಮನೆಯ ಜೋಳ ಹಾಕುತ್ತಿದ್ದ. ಕಲ್ಲಿನಲ್ಲಿದ್ದ ಊರಿನ ಖಾರವೆಲ್ಲ ನಮ್ಮ ಹಿಟ್ಟಿಗೆ ಬಂದು, ಉಳಿದವರ ಹಿಟ್ಟು ಬೆಳ್ಳಗೆ ಬೀಳುತ್ತಿತ್ತು.

ಹೀಗಾಗಿ ಬೇಸಿಗೆಯುದ್ದಕ್ಕೂ ನಮ್ಮ ಮನೆಯಲ್ಲಿ ಕೆಂಪು ರೊಟ್ಟಿ. ಅವ್ವ ರೊಟ್ಟಿ ಬಡಿಯುವಾಗ ಅಂಗೈ ಉರಿಯುತ್ತಿತ್ತು. ಬಡಿಯುವ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು. "ಊರಾಗಿನ ಖಾರೆಲ್ಲ ನಮ್ಮ ಹೊಟ್ಟ್ಯಾಗ ಬೀಳಬೇಕೇನು? ಬ್ಯಾರೇದವರಿಗೆ ಬಾಯಿ ಇಲ್ಲೇನು?" ಎಂದು ಕೇಳುವಳು. ಅಪ್ಪ ಮಜ್ಜಿಗೆಯ ಗಡಿಗೆಯನ್ನು ಹತ್ತಿರ ಎಳೆದುಕೊಂಡು, "ದಿನಾ ರೊಟ್ಟಿ ಕೊಡಪ್ಪಾ ಅಂತ ದೇವರಿಗೆ ಕೇಳ್ತೀವಿ. ಅಂವ ಜ್ವಾಳ ಕೊಡ್ತಾನ. ನೀ ರೊಟ್ಟಿ ಬಡೀತಿ. ನಡುವ ಯಾರರ ಬೀಸಬೇಕಲ್ಲ? ಆ ನಡುವಿನ ಕೆಲಸ ನಂದು. ಅದು ಸ್ವಚ್ಛ ಆಗಬೇಕು" ಎನ್ನುತ್ತಿದ್ದ. ಅವ್ವ ಮತ್ತೊಂದು ಕೆಂಪು ರೊಟ್ಟಿ ಅವನ ತಾಟಿಗೆ ಹಾಕುತ್ತಿದ್ದಳು. ನಾನು ಶಾಲೆಗೆ ಅದೇ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ಅಕ್ಕಿ ಗಿರಣಿಯವರ ಮಗನೊಬ್ಬ ಬಣ್ಣಕ್ಕೆ ಮರುಳಾಗಿ, ತನ್ನ ಬಿಳಿ ಅನ್ನ ಕೊಟ್ಟು ನನ್ನ ರೊಟ್ಟಿ ಇಸಿದುಕೊಂಡ. ಆಮೇಲೆ ಶಾಲೆಯ ನೀರಿನ ಹಂಡೆಯ ಹತ್ತಿರದಿಂದ ಅವನನ್ನು ಎಬ್ಬಿಸಲು ಮಾಸ್ತರರೇ ಬರಬೇಕಾಯಿತು. ಆ ಅನ್ನದ ರುಚಿ ನನಗೆ ಇನ್ನೂ ನೆನಪಿದೆ.

ನಾನು ರಾಯಚೂರಿಗೆ ಬಂದು ಸ್ವಂತ ಗಿರಣಿ ಹಾಕಿದಾಗ ಅಪ್ಪ ಬಂದು ತಗಡಿನ ಬಾಯಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದ. ಹೋಗುವ ಮುಂಚೆ ನಮ್ಮ ಚರ್ಚಿನ ಹಿರಿಯರನ್ನು ಕಂಡು ಒಂದು ಮಾತು ಕೇಳಿಕೊಂಡ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ಸಂಸ್ಕಾರವಿರುತ್ತದೆ. ಅದಕ್ಕೆ ನಾವು ಬಳಸುವುದು ಮನೆಯಲ್ಲಿ ಮಾಡಿದ, ಉಪ್ಪು ಎಣ್ಣೆ ಏನೂ ಇಲ್ಲದ ಗೋಧಿಯ ರೊಟ್ಟಿ. ಅದನ್ನು ಉಗುರಗಲದ ಚೂರು ಮಾಡಿ ಎಲ್ಲರ ಕೈಗೆ ಕೊಡುತ್ತಾರೆ. ದೇವದುರ್ಗದಲ್ಲಿ ಆ ಹಿಟ್ಟು ಅಪ್ಪನ ಗಿರಣಿಯದು. ಇಲ್ಲಿಯದು ಮಗನ ಗಿರಣಿಯದಾಗಲಿ ಎಂಬುದು ಅವನ ಆಸೆ. ಹಿರಿಯರು ಒಪ್ಪಿದರು. ಅಂದಿನಿಂದ ಹಿಟ್ಟು ನನ್ನದು, ರೊಟ್ಟಿ ಮಾಡುವುದು ನಮ್ಮ ಓಣಿಯ ಮಾರ್ಥಮ್ಮನ ಕೆಲಸ. ನಾನು ಹಾಡಲಾರೆ, ಪ್ರಸಂಗ ಮಾಡಲಾರೆ, ಪ್ರಾರ್ಥನೆಯ ಸಂಗತಿ ರೂತ್ ಹೇಳಿಯೇ ಇದ್ದಾಳೆ. ಚರ್ಚಿನಲ್ಲಿ ನನ್ನದು ಅಂತ ಇದ್ದದ್ದು ಆ ಹಿಟ್ಟೊಂದೇ. ಅಪ್ಪ ತೀರಿಕೊಂಡ ಮೇಲೆ, ತಿಂಗಳಿಗೊಮ್ಮೆ ಆ ಗೋಧಿ ಬೀಸುವಾಗ ಅವನು ಪಕ್ಕದಲ್ಲಿ ನಿಂತಿದ್ದಾನೆ ಎನ್ನಿಸುತ್ತಿತ್ತು.

ಹೋದ ವರ್ಷ ಬೇಸಿಗೆಯ ಕೊನೆಗೆ ಹಳೆಯ ಕಲ್ಲಿನ ಗಿರಣಿ ತೆಗೆದು ಹೊಸ ಕರೆಂಟಿನ ಯಂತ್ರ ತಂದೆ. ಮಾರಿದವನು ಬಹಳ ಮಾತುಗಾರ. "ಸಾವುಕಾರ್ರೇ, ಇದು ತನ್ನಷ್ಟಕ್ಕ ತಾನ ಸಾಫ್ ಆಗ್ತದ. ಒಳಗ ಒಂದು ಕಣ ನಿಲ್ಲಂಗಿಲ್ಲ. ಖಾರ ಬೀಸಿ ಮರುಗಳಿಗೆ ಹಸುಗೂಸಿಗೆ ರಾಗಿ ಬೀಸ್ರಿ" ಎಂದ. ನನ್ನನ್ನು ಸಾವುಕಾರ ಎಂದು ಕರೆದ ಮೊದಲ ಮನುಷ್ಯ ಅವನು. ಅಂಥವನ ಮಾತು ಹೇಗೆ ತೆಗೆದುಹಾಕುವುದು? ಅಪ್ಪನಂತೆ ನಾನೂ ಅಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದ, ಮನೆಯ ಜೋಳ ಮೊದಲು ಹಾಕುವ ಪದ್ಧತಿಯನ್ನು ಬಿಟ್ಟೆ. ರೂತ್ ಅಂದು ಬಿಳಿಯ ರೊಟ್ಟಿ ಮಾಡಿ, "ಮದಿವ್ಯಾಗಿ ಬಂದಮ್ಯಾಲೆ ಬ್ಯಾಸಿಗ್ಯಾಗ ಹಿಂಥಾ ರೊಟ್ಟಿ ನೋಡಿದ್ದು ಇವತ್ತ" ಎಂದು ಸಂತೋಷಪಟ್ಟಳು.

ಈ ವರ್ಷ ನಮ್ಮ ಚರ್ಚಿಗೆ ಹೊಸ ಸಭಾಪಾಲಕರು ಬಂದರು. ನಾವು ಅವರನ್ನು ಅಯ್ಯನವರು ಎನ್ನುತ್ತೇವೆ. ಮೈಸೂರು ಕಡೆಯ ಯುವಕರು, ಬಹಳ ಮೆತ್ತಗಿನ ಮಾತು. ನಮ್ಮ ಊಟದ ಮೊದಲ ತುತ್ತಿಗೇ ಅವರ ಮೂಗು ಕೆಂಪಾಗುತ್ತಿತ್ತು. ಅವರು ಬಂದವರೇ ದಿನನಿತ್ಯದ ಕೆಲಸದಲ್ಲಿ ದೇವರನ್ನು ಕಾಣುವುದು ಹೇಗೆ ಎಂದು ವಾರವಾರ ಪ್ರಸಂಗ ಮಾಡತೊಡಗಿದರು. ಪ್ರಸಂಗವಾದರೆ ಸಹಿಸಬಹುದಿತ್ತು. ಪ್ರತಿ ಭಾನುವಾರ ಒಬ್ಬೊಬ್ಬರು ಎದ್ದುನಿಂತು ತಮ್ಮ ಉದ್ಯೋಗದಲ್ಲಿ ದೇವರನ್ನು ಕಂಡ ಬಗ್ಗೆ ಸಾಕ್ಷಿ ಹೇಳಬೇಕು ಎಂದರು. ನರ್ಸಮ್ಮ ರೋಗಿಗಳ ಬಗ್ಗೆ ಹೇಳಿದಳು, ಎಲ್ಲರೂ ತಲೆದೂಗಿದರು. ಬಸ್ ಕಂಡಕ್ಟರು ಲಿಂಗಸುಗೂರು ರಸ್ತೆಯಲ್ಲಿ ಬ್ರೇಕು ಹೋದಾಗ ದೇವರು ಹೇಗೆ ಬಸ್ಸನ್ನು ಹತ್ತಿಯ ಹೊಲಕ್ಕೆ ಇಳಿಸಿದ ಎಂದು ಹೇಳಿ ಎಲ್ಲರ ಉಸಿರು ಹಿಡಿಸಿದ. ಮುಂದಿನ ಸರದಿ ನನ್ನದು. ಗಿರಣಿಯಲ್ಲಿ ಏನು ನಡೆಯುತ್ತದೆ ಹೇಳಿ? ಜೋಳ ಹೋಗುತ್ತದೆ, ಹಿಟ್ಟು ಬರುತ್ತದೆ. ವಾರವೆಲ್ಲ ಯೋಚಿಸಿ ಬಾಯಿಪಾಠ ಮಾಡಿಕೊಂಡೆ. ಆ ತಿಂಗಳ ಭೋಜನದ ಗೋಧಿ ಬೀಸುವಾಗಲೂ ಮನಸ್ಸು ಸಾಕ್ಷಿಯ ಮೇಲೆಯೇ ಇತ್ತು. ಹಿಂದಿನ ಗಳಿಗೆಯಲ್ಲಿ ಯಾರದೋ ಮೆಣಸಿನಕಾಯಿ ಬೀಸಿ ಕಳಿಸಿದ್ದೆ.

ಆ ಭಾನುವಾರ ನಾನು ಎದ್ದುನಿಂತೆ. ಅಪ್ಪನ ಪ್ರಾರ್ಥನೆ, ಕೂಸಿನ ಜ್ವರ, ನಡುವಿನ ಕೆಲಸ, ಕೆಂಪು ಹಿಟ್ಟಿನದೊಂದು ಬಿಟ್ಟು ಎಲ್ಲ ಹೇಳಿದೆ. ಮಾತು ಹೀಗೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಹುರುಪು ಹತ್ತಿತು. "ಇವತ್ತ ನೀವೆಲ್ಲ ತಗೊಳ್ಳೋ ರೊಟ್ಟಿ ನನ್ನ ಗಿರಣಿ ಹಿಟ್ಟಿಂದು. ಬಾಯಾಗ ಇಟ್ಟ ಕೂಡ್ಲೆ ನನ್ನ ಕೆಲಸ ಎಂಥಾದ್ದು ಅಂತ ನಿಮಗ ಗೊತ್ತಾಗ್ತದ" ಎಂದು ಮುಗಿಸಿ ಕೂತೆ. ನಂತರ ಸಂಸ್ಕಾರ ಶುರುವಾಯಿತು. ಸಾಲುಸಾಲಾಗಿ ಹೋಗಿ ವೇದಿಕೆಯ ಮುಂದೆ ಮೊಣಕಾಲೂರಬೇಕು. ಮುಂದಿನ ಸಾಲಿನವರು ತಿರುಗಿ ಬರುವಾಗ ನೋಡುತ್ತೇನೆ, ಎಲ್ಲರ ಕಣ್ಣಲ್ಲೂ ನೀರು. ನರ್ಸಮ್ಮ ಸೆರಗಿನಿಂದ ಕಣ್ಣೊರೆಸುತ್ತಿದ್ದಾಳೆ, ಕಂಡಕ್ಟರನಂಥ ಗಟ್ಟಿ ಮನುಷ್ಯ ಮೂಗು ಎಳೆಯುತ್ತಿದ್ದಾನೆ. ನನ್ನ ಎದೆ ಉಬ್ಬಿತು. ನನ್ನ ಸಾಕ್ಷಿ ಇಷ್ಟು ನಾಟುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಅಯ್ಯನವರಿಗೂ ಹಾಗೇ ಅನ್ನಿಸಿರಬೇಕು. "ದೇವರು ಇಂದು ನಮ್ಮ ಮಧ್ಯೆ ಕೆಲಸ ಮಾಡುತ್ತಿದ್ದಾರೆ" ಎಂದರು. ನಮ್ಮಲ್ಲಿ ಅಯ್ಯನವರು ಎಲ್ಲರ ಕೊನೆಗೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಾನು ಹೋಗಿ ಮೊಣಕಾಲೂರಿ, ಚೂರನ್ನು ಬಾಯಲ್ಲಿಟ್ಟುಕೊಂಡೆ. ನನ್ನ ಕೆಲಸ ಎಂಥದ್ದು ಎಂದು ಕೂಡಲೇ ಗೊತ್ತಾಯಿತು.

ಅಯ್ಯನವರ ಸರದಿ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಆ ದಿನ ಮಾತ್ರ ನಾನು ಮೊದಲನೆಯ ಬಗೆಯವನಂತೆ ಪ್ರಾರ್ಥಿಸಿದೆ. ಫಲಿಸಲಿಲ್ಲ. ಅವರು ಕೆಮ್ಮಿದ ಕೆಮ್ಮಿಗೆ ಮೈಕು ಕೂಡ ಕೀರಲಿಟ್ಟಿತು. ಕೊನೆಯ ಆಶೀರ್ವಾದವನ್ನು ಅವರು ಕೈಸನ್ನೆಯಲ್ಲೇ ಕೊಟ್ಟರು. ಹೊರಗೆ ನಲ್ಲಿಯ ಹತ್ತಿರ ಸಾಲು ಹತ್ತಿತ್ತು. ಮಾರ್ಥಮ್ಮ ಎಲ್ಲರಿಗೂ, "ನನಗ ನೆಗಡ್ಯಾಗಿ ವಾಸನಿ ಹತ್ತಿಲ್ಲ. ಬಣ್ಣ ನೋಡಿ ಕೆಂಪು ಗೋಧಿ ಇರಬೇಕು ಅಂದ್ಕೊಂಡೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಗಿರಣಿಗೆ ಬಂದು ನೋಡಿದರೆ ಯಂತ್ರದ ಒಳಗೆ ನಿಜವಾಗಿಯೂ ಒಂದು ಕಣವಿರಲಿಲ್ಲ, ಮಾರಿದವನ ಮಾತು ಖರೆ. ಖಾರವೆಲ್ಲ ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಕೂತಿತ್ತು.

ಜನ ನಕ್ಕು ಮರೆಯುತ್ತಿದ್ದರು. ಅಯ್ಯನವರು ಮರೆಯಲಿಲ್ಲ. ಮುಂದಿನ ವಾರ ಹಿರಿಯರ ಸಭೆಯಲ್ಲಿ, "ಯಾರ ಮೇಲೂ ಬೇಸರವಿಲ್ಲ. ಆದರೆ ಇನ್ನು ಮುಂದೆ ಹೈದರಾಬಾದಿನಿಂದ ರೊಟ್ಟಿಯ ಬಿಲ್ಲೆಗಳ ಪ್ಯಾಕೆಟ್ ತರಿಸೋಣ. ತೆಳ್ಳಗೆ, ಗುಂಡಗೆ ಸಿಗುತ್ತವೆ" ಎಂದರಂತೆ. ಈಸ್ಟರ್ ಭಾನುವಾರದಿಂದಲೇ ಜಾರಿ. ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಅಪ್ಪ ಕೇಳಿ ಪಡೆದುಕೊಟ್ಟ ಒಂದೇ ಒಂದು ಕೆಲಸ. ಅದನ್ನು ನಾನು ಖಾರ ಹಾಕಿ ಕಳೆದುಕೊಂಡಿದ್ದೆ.

ಈಸ್ಟರ್ ಮುಂಚಿನ ಶನಿವಾರ ಬಂತು. ಖಾರದ ಸುಗ್ಗಿ ಜೋರಾಗಿತ್ತು. ಚಂದ್ರಬಂಡದ ನಿಂಗಮ್ಮ ತನ್ನ ಮೆಣಸಿನಕಾಯಿ ಬೀಸಿಸಿಕೊಂಡು, ಜೋಳದ ಡಬ್ಬಿ ಮುಂದಿಟ್ಟಳು. ಈಕೆಯ ತವರು ದೇವದುರ್ಗ, ಸಣ್ಣಾಕೆಯಿದ್ದಾಗ ಅಪ್ಪನ ಗಿರಣಿಯ ಸಾಲಿನಲ್ಲಿ ನಿಂತವಳು. ಬುತ್ತಿ ಕಟ್ಟಿಕೊಂಡು ಚಂದ್ರಬಂಡದಿಂದ ನನ್ನಲ್ಲಿಗೇ ಬರುವುದು ಆ ಹಳೆಯ ಗುರುತಿಗೆ. ನಾನು ಬಟ್ಟೆಯ ತೋಳು ಒಗೆದು ಒಣಗಿಸಿದ್ದನ್ನು ಹಾಕಿದೆ. ಆದರೂ ನಂಬಿಕೆಯಾಗಲಿಲ್ಲ. ಮನೆಯಿಂದ ನಮ್ಮ ಜೋಳ ತಂದು ಮೊದಲು ಸುರಿದೆ. ಅಷ್ಟರಲ್ಲಿ ಅಯ್ಯನವರು ಸೈಕಲ್ಲಿನಿಂದ ಇಳಿದರು. ಪ್ಯಾಕೆಟ್ಟಿನ ವಿಷಯ ನನಗೆ ಖುದ್ದಾಗಿ ಹೇಳಿ ಸಮಾಧಾನ ಮಾಡಲು ಬಂದಿದ್ದರು, ಒಳ್ಳೆಯ ಮನುಷ್ಯ.

"ಜಯರಾಜ್ ಅವರೇ, ಸರದಿ ಈ ತಾಯಿಯದಲ್ಲವೇ? ನಿಮ್ಮದೇಕೆ ಮೊದಲು ಹಾಕುತ್ತಿದ್ದೀರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ನಿಂಗಮ್ಮ ಶುರು ಮಾಡಿದಳು. "ಅದನ್ನ ಯಾಕ ಕೇಳ್ತೀರಿ ಯಪ್ಪಾ. ಇವರಪ್ಪ ದಾನಪ್ಪ ಹಿಂಗಾ ಮಾಡ್ತಿದ್ದ. ಖಾರ ಬೀಸಿದ ಮ್ಯಾಲ ಮೊದಲ ಹಿಟ್ಟು ಯಾರಿಗೂ ಕೊಡ್ತಿದ್ದಿಲ್ಲ, ತಾನ ಒಯ್ತಿದ್ದ. ಊರಿಗೆಲ್ಲ ಬಿಳಿ ಹಿಟ್ಟು, ಅವರ ಮನಿಗೆ ಕೆಂಪ ಹಿಟ್ಟು. ನಮ್ಮವ್ವ ಅಂತಿದ್ಳು, ಆತ ನಮ್ಮ ಖಾರ ತಿಂತಾನ ಅಂತ. ಈತ ಹೊಸಾ ಮಷೀನು ತಂದು ಶಾಣ್ಯಾ ಆಗಿದ್ದ. ಇವತ್ತ ಮತ್ತ ದಾನಪ್ಪನ ಮಗ ಆಗ್ಯಾನ."

ಅಯ್ಯನವರು ಬೀಳುತ್ತಿದ್ದ ಕೆಂಪು ಹಿಟ್ಟನ್ನೇ ನೋಡುತ್ತಿದ್ದರು. ಆಮೇಲೆ, "ಇದರಲ್ಲಿ ನನಗೂ ಸ್ವಲ್ಪ ಕೊಡಿ" ಎಂದರು. ಬೇಡ ಎಂದೆ. ಅವರು ಕೇಳಲಿಲ್ಲ. ಚೀಲದಲ್ಲಿ ಹಾಕಿಸಿಕೊಂಡು, "ಇದನ್ನು ತಿಂದು ನೋಡಿ, ಪ್ರಸಾದದ ರೊಟ್ಟಿಯ ಬಗ್ಗೆ ಸಂಜೆ ಉತ್ತರ ಹೇಳುತ್ತೇನೆ" ಎಂದು ಸೈಕಲ್ ಹತ್ತಿದರು. ಪ್ಯಾಕೆಟ್ಟಿನ ಮಾತು ಅವರು ತೆಗೆಯಲೇ ಇಲ್ಲ ಎಂಬುದು ನನಗೆ ಹೊಳೆದದ್ದು ಅವರು ಹೋದ ಮೇಲೆ. ನಿಂಗಮ್ಮನ ಹಿಟ್ಟು ಮಲ್ಲಿಗೆಯಂತೆ ಬಿತ್ತು. ಅದನ್ನು ನಾಲಿಗೆಗೆ ಹಚ್ಚಿ ನೋಡಿ, ಉತ್ತರ ಏನೇ ಬರಲಿ ಎಂದು, ನಾಳಿನ ಭೋಜನದ ಗೋಧಿಯನ್ನೂ ಬೀಸಿಟ್ಟೆ. ಬೀಸುವ ಮುಂಚೆ ತಗಡಿನ ಬಾಯಿಯ ಮೇಲೆ ಕೈಯಿಟ್ಟೆ. ಎಂದಿನಂತೆ ಹಾಲು, ಚಪ್ಪಲಿ, ಬೆಲ್ಟು ಎಲ್ಲ ನೆನಪಾದವು. ಅಪ್ಪನೂ ನೆನಪಾದ.

ಸಂಜೆ ಅಯ್ಯನವರು ಮನೆಗೆ ಬಂದಾಗ ಕಣ್ಣು ಕೆಂಪಾಗಿದ್ದವು, ತುಟಿ ಊದಿದ್ದವು. ರೂತ್ ಕೇಳದೆಯೇ ಮಜ್ಜಿಗೆ ತಂದಿಟ್ಟಳು. ಒಂದು ಲೋಟ ಕುಡಿದು, "ಅರ್ಧ ರೊಟ್ಟಿಗೇ ಸಾಕಾಯಿತು. ನಿಮ್ಮ ತಂದೆ ಇದನ್ನು ಬೇಸಿಗೆಯೆಲ್ಲ ತಿನ್ನುತ್ತಿದ್ದರೇ?" ಎಂದರು. ಹೌದು ಎಂದೆ. "ನಾನು ಬಂದಾಗಿನಿಂದ ಕೆಲಸದ ಬಗ್ಗೆ ಬರೀ ಮಾತಾಡುತ್ತಲೇ ಇದ್ದೇನೆ" ಎಂದು ಅವರು ಇನ್ನೊಂದು ಲೋಟಕ್ಕೆ ಕೈ ಚಾಚಿದರು. "ಪ್ಯಾಕೆಟ್ ಬೇಡ. ಹಿಟ್ಟನ್ನು ಮಾರ್ಥಮ್ಮನವರಿಗೆ ಕಳಿಸಿಕೊಡಿ." ರೂತ್ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ನಾನು ಕೇಳಿದ್ದಕ್ಕೆ, "ನಾಳಿಯಿಂದ ಮತ್ತ ಕೆಂಪ ರೊಟ್ಟಿ ಬಡೀಬೇಕಲ್ಲ, ಅದಕ್ಕ" ಎಂದಳು.

ಈಸ್ಟರ್ ಬೆಳಿಗ್ಗೆ ಮೊಣಕಾಲೂರಿ ಕೈ ಚಾಚಿದೆ. ಅಯ್ಯನವರು ಚೂರು ಇಟ್ಟರು. ಬಾಯಲ್ಲಿಟ್ಟುಕೊಂಡೆ. ಬರೀ ಗೋಧಿ. ಉಪ್ಪಿಲ್ಲ, ಖಾರವಿಲ್ಲ, ಏನೂ ಇಲ್ಲ. ಈ ಏನೂ ಇಲ್ಲದ ರುಚಿಗಾಗಿ ಅಪ್ಪ ಅಷ್ಟು ಬೇಸಿಗೆ ಬಾಯಿ ಸುಟ್ಟುಕೊಂಡ ಎಂದು ಆಗ ತಿಳಿಯಿತು. ಅಪ್ಪ ಇರಬೇಕಿತ್ತು ಎನ್ನಿಸಿತು, ಅವ್ವನೂ ಇರಬೇಕಿತ್ತು. ತಡೆಯಲಾಗಲಿಲ್ಲ, ಕಣ್ಣಿಂದ ನೀರು ಇಳಿದೇಬಿಟ್ಟಿತು. ಅಯ್ಯನವರ ಕೈ ಗಾಳಿಯಲ್ಲೇ ನಿಂತಿತು. ತಟ್ಟೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಪಕ್ಕದಲ್ಲಿ ಮೊಣಕಾಲೂರಿದ್ದ ರೂತ್ ತನ್ನ ಚೂರನ್ನು ಹಿಡಿದುಕೊಂಡೇ, "ಮತ್ತ ಖಾರೇನ್ರೀ?" ಎಂದು ಪಿಸುಗುಟ್ಟಿದಳು. ಬಾಯಲ್ಲಿ ಚೂರು ಇತ್ತು, ಇಲ್ಲ ಎಂದು ತಲೆಯಾಡಿಸಿದೆ. ಅದು ಹೌದು ಎಂದಂತೆ ಕಂಡಿರಬೇಕು. ನಾನು ಕಣ್ಣೊರೆಸಿಕೊಳ್ಳುತ್ತ ಹಿಂದಿರುಗುವಾಗ ನೋಡಿದರೆ, ಮುಂದಿನ ಸರದಿಗೆ ಎದ್ದುನಿಂತವರೆಲ್ಲ ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡೇ ಹೊರಟಿದ್ದರು. ಗಿರಣಿಯವನೇ ಅಳುತ್ತಿದ್ದಾನೆ ಎಂದ ಮೇಲೆ ಅವರನ್ನು ಅಂದು ಏನು ಪ್ರಯೋಜನ?